ಮೊದಲು ಬಚ್ಚಲು ಅಳೆಯಿರಿ: ಮುಂಬೈ ಮನೆಗೆ ವಾಷಿಂಗ್ ಮಷಿನ್ ಕೊಳ್ಳುವ ಬಗೆ

ನಮ್ಮ ಮೊದಲ ವಾಷಿಂಗ್ ಮಷಿನ್ ಏಳು ತಿಂಗಳು ಟಿವಿಯ ಪಕ್ಕದಲ್ಲಿ ನಿಂತಿತ್ತು. ಆಗ ಸಾಯನ್‌ನಲ್ಲಿ ಬಾಡಿಗೆಗಿದ್ದೆವು. ಒಂದು ಹಾಲ್, ಒಂದು ಅಡುಗೆಮನೆ, ಒಂದು ಬಚ್ಚಲು. ಮುಂಬೈ ಲೆಕ್ಕದಲ್ಲಿ ದೊಡ್ಡ ಮನೆಯೇ. ಅಂಗಡಿಯಲ್ಲಿ ಎರಡು ಗಂಟೆ ಕುಳಿತು, ಹದಿನೈದು ಪ್ರೋಗ್ರಾಂಗಳ ಗುಣಗಾನ ಕೇಳಿ, 60 ಸೆಂಟಿಮೀಟರ್ ಅಗಲದ, ಮುಂದಿನ ಬಾಗಿಲಿನಿಂದ ಬಟ್ಟೆ ಹಾಕುವ ಫ್ರಂಟ್ ಲೋಡ್ ಯಂತ್ರಕ್ಕೆ ಹಣ ಕಟ್ಟಿ ಬಂದೆ. ಬಚ್ಚಲಿನ ಬಾಗಿಲಿನ ಅಗಲ, ಚೌಕಟ್ಟು ಕಳೆದರೆ, 56 ಸೆಂಟಿಮೀಟರ್ ಎಂಬುದು ಯಂತ್ರವನ್ನು ಹೊತ್ತು ತಂದ ಇಬ್ಬರು ಹುಡುಗರು ಬೆವರು ಒರೆಸಿಕೊಳ್ಳುತ್ತಾ ಹೇಳಿದಾಗಲೇ ಗೊತ್ತಾದದ್ದು. ಅಂದಿನಿಂದ ಒಗೆಯುವ ದಿನವೆಲ್ಲ ಅಡುಗೆಮನೆಯ ನಲ್ಲಿಯಿಂದ ಹಾಲಿಗೊಂದು ಪೈಪು, ಹಾಲಿನಿಂದ ಬಚ್ಚಲಿಗೊಂದು ಪೈಪು. ಬಂದ ನೆಂಟರಿಗೆ ಮೊದಲ ಮಾತು "ದಾಟಿಕೊಂಡು ಬನ್ನಿ" ಎಂದೇ ಇರುತ್ತಿತ್ತು.

ಆಮೇಲೆ ಡೊಂಬಿವಲಿಗೆ ಬಂದೆವು. ಇಲ್ಲಿ ಎರಡನೆಯ ಯಂತ್ರ ಕೊಂಡೆ; ನೆರೆಯ ನಾಲ್ಕಾರು ಕನ್ನಡದ ಮನೆಗಳಿಗೆ ಕೊಡಿಸಿಯೂ ಆಯಿತು. ಈಗ ಯಾರು ಕೇಳಿದರೂ ಮೊದಲು ಕಂಪನಿಯ ಹೆಸರು ಹೇಳುವುದಿಲ್ಲ. ಟೇಪು ಮತ್ತು ಬಕೆಟ್ಟು ಹಿಡಿದು ಅವರ ಮನೆಗೆ ಹೋಗುತ್ತೇನೆ.

ಹಂತ 1: ಜಾಗ, ಬಾಗಿಲು, ಮೆಟ್ಟಿಲು

ಯಂತ್ರ ನಿಲ್ಲುವ ಜಾಗವನ್ನಷ್ಟೇ ಅಳೆದರೆ ಸಾಲದು, ಅದು ನಡೆದು ಬರುವ ದಾರಿಯನ್ನೂ ಅಳೆಯಬೇಕು. ಕಟ್ಟಡದ ಲಿಫ್ಟ್, ಮುಂಬಾಗಿಲು, ಅಡುಗೆಮನೆಯ ಓಣಿ, ಬಚ್ಚಲಿನ ಬಾಗಿಲು, ಇವುಗಳಲ್ಲಿ ಅತಿ ಕಿರಿದಾದದ್ದು ಎಷ್ಟಿದೆ ಎಂದು ಬರೆದುಕೊಳ್ಳಿ. ಹಳೆಯ ಕಟ್ಟಡಗಳಲ್ಲಿ ಬಚ್ಚಲಿನ ಬಾಗಿಲು ಎರಡು ಅಡಿ ಎಂದು ಹೇಳುತ್ತಾರೆ. ಚೌಕಟ್ಟು, ಬಾಗಿಲಿನ ದಪ್ಪ ಕಳೆದರೆ ಎರಡು ಅಡಿ ಉಳಿಯುವುದಿಲ್ಲ. ಫ್ರಂಟ್ ಲೋಡ್ ಯಂತ್ರಗಳು ಸಾಮಾನ್ಯವಾಗಿ 60 ಸೆಂಟಿಮೀಟರ್ ಅಗಲ, 85 ಸೆಂಟಿಮೀಟರ್ ಎತ್ತರ. ಆಳ ಮಾತ್ರ ಸಾಮರ್ಥ್ಯಕ್ಕೆ ತಕ್ಕಂತೆ 40ರಿಂದ 65ರವರೆಗೆ ಬದಲಾಗುತ್ತದೆ. ಹಿಂದೆ ಪೈಪುಗಳಿಗೆ ಕನಿಷ್ಠ 5–10 ಸೆಂಟಿಮೀಟರ್, ಮುಂದೆ ಬಾಗಿಲು ತೆರೆದು ಬಗ್ಗಿ ಬಟ್ಟೆ ತೆಗೆಯಲು ಅರ್ಧ ಮೀಟರಿಗಿಂತ ಹೆಚ್ಚು ಜಾಗ ಬೇಕು.

ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಅಗಲದಲ್ಲಿ ಕಡಿಮೆ. 52ರಿಂದ 58 ಸೆಂಟಿಮೀಟರಿನವು ಬೇಕಾದಷ್ಟು ಸಿಗುತ್ತವೆ. ಅದರ ತೊಂದರೆ ಎತ್ತರದ್ದು. ಮುಚ್ಚಳ ಪೂರ್ತಿ ತೆರೆದಾಗ ಎಷ್ಟು ಎತ್ತರವಾಗುತ್ತದೆ ಎಂದು ಕೇಳಿ, ಮೇಲೆ ನಲ್ಲಿಯೋ ಗೀಸರೋ ಕಪಾಟೋ ಅಡ್ಡ ಬರುತ್ತದೆಯೇ ನೋಡಿ. ಮುಲುಂಡಿನ ನಮ್ಮ ಬಂಧುಗಳ ಮನೆಯಲ್ಲಿ ಮುಚ್ಚಳ ಮುಕ್ಕಾಲು ಮಾತ್ರ ತೆರೆಯುತ್ತದೆ; ಅವರು ಹತ್ತು ವರ್ಷದಿಂದ ಒಂದು ಕೈಯಲ್ಲಿ ಮುಚ್ಚಳ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ತೆಗೆಯುತ್ತಿದ್ದಾರೆ.

ಲಿಫ್ಟ್ ಇಲ್ಲದ ನಾಲ್ಕನೆಯ ಮಹಡಿಯವರು ತೂಕವನ್ನೂ ನೋಡಬೇಕು. ಫ್ರಂಟ್ ಲೋಡ್ ಒಳಗೆ ಅದುರಾಟ ತಡೆಯಲು ಕಾಂಕ್ರೀಟಿನ ತುಂಡುಗಳನ್ನೇ ಕೂರಿಸಿರುತ್ತಾರೆ. ಹಾಗಾಗಿ 60–75 ಕಿಲೋ ತೂಗುತ್ತದೆ. ಟಾಪ್ ಲೋಡ್ ಅದರ ಅರ್ಧದಷ್ಟು. ಮೆಟ್ಟಿಲು ಹತ್ತಿಸುವ ಕೂಲಿ ಯಾರದು ಎಂಬುದನ್ನು ಬಿಲ್ಲು ಮಾಡಿಸುವ ಮೊದಲೇ ಮಾತನಾಡಿ.

ಹಂತ 2: ನೀರು

ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಇದು; ಈ ಊರಿನಲ್ಲಿ ಎಲ್ಲವನ್ನೂ ನಿರ್ಧರಿಸುವುದೂ ಇದೇ. ನೀರು ಎಷ್ಟು ಹೊತ್ತು ಬರುತ್ತದೆ, ಎಷ್ಟು ಒತ್ತಡದಲ್ಲಿ ಬರುತ್ತದೆ, ಎಂಥ ನೀರು ಬರುತ್ತದೆ ಎಂಬ ಮೂರು ವಿಷಯ ತಿಳಿಯಬೇಕು.

ಹೊತ್ತಿನ ವಿಷಯ ನಿಮಗೇ ಗೊತ್ತಿರುತ್ತದೆ. ಚಾಳಿನಲ್ಲಿ (ಒಂದೇ ಕಟ್ಟಡದ ಸಾಲುಮನೆಗಳಲ್ಲಿ) ಬೆಳಗಿನ ಜಾವ ಬಂದ ನೀರನ್ನು ಪೀಪಾಯಿಗೆ ತುಂಬಿಸಿ ದಿನವಿಡೀ ಬಳಸುವ ಮನೆಗೆ ತಾನೇ ನೀರೆಳೆದುಕೊಳ್ಳುವ ಯಂತ್ರದಿಂದ ಪ್ರಯೋಜನವಿಲ್ಲ. ಅದು ಅರ್ಧದಲ್ಲಿ ನಿಂತು, ಸೋಪಿನ ಬಟ್ಟೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಪೀಂ ಪೀಂ ಎನ್ನುತ್ತದೆ.

ಒತ್ತಡದ ಲೆಕ್ಕ ಸುಲಭ. ಟ್ಯಾಂಕಿನ ನೀರು ಯಂತ್ರಕ್ಕಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ. ನಾಲ್ಕು ಮಹಡಿ ಕಟ್ಟಡದ ನೆಲಮಹಡಿಯಲ್ಲಿ, ತಾರಸಿಯ ಟ್ಯಾಂಕಿನಿಂದ ನೀರು ಬಂದರೆ, 1 ಬಾರಿಗಿಂತ ಹೆಚ್ಚೇ ಇರುತ್ತದೆ. ಮೇಲಿನ ಮಹಡಿಯಲ್ಲಿ ಟ್ಯಾಂಕು ತಲೆಯ ಮೇಲೆ ಮೂರು ಮೀಟರಿದ್ದರೆ 0.3 ಬಾರ್. ಇನ್ನು ಮನೆಯೊಳಗೇ ಅಟ್ಟದಲ್ಲಿ ಸಣ್ಣ ಟ್ಯಾಂಕು ಕೂರಿಸಿಕೊಂಡವರಿಗೆ 0.1 ಬಾರ್ ಸಿಕ್ಕರೆ ಪುಣ್ಯ. ಹಲವು ಫ್ರಂಟ್ ಲೋಡ್ ಯಂತ್ರಗಳ ಕೈಪಿಡಿಯಲ್ಲಿ ಕನಿಷ್ಠ 0.3 ಅಥವಾ 0.5 ಬಾರ್ ಬೇಕೆಂದು ಬರೆದಿರುತ್ತದೆ. ಮಾದರಿಯ ಕೈಪಿಡಿಯನ್ನು ಕಂಪನಿಯ ಜಾಲತಾಣದಿಂದ ಮೊದಲೇ ಇಳಿಸಿಕೊಂಡು ಆ ಒಂದು ಸಾಲನ್ನು ಓದಿ. ಒತ್ತಡ ಸಾಲದಿದ್ದರೆ ಸಣ್ಣ ಪಂಪು ಹಾಕಿಸಬಹುದು. ಆ ಖರ್ಚನ್ನು ಯಂತ್ರದ ಬೆಲೆಗೆ ಸೇರಿಸಿಯೇ ಹೋಲಿಸಿ. ಕಡಿಮೆ ಒತ್ತಡದಲ್ಲೂ ತುಂಬಿಕೊಳ್ಳುವ ಟಾಪ್ ಲೋಡ್‌ಗಳೂ ಇವೆ.

ಮೀಟರಿನ ಲೆಕ್ಕ ಬೇಡವೆನ್ನುವವರು ಬಕೆಟ್ ಪರೀಕ್ಷೆ ಮಾಡಬಹುದು. ಯಂತ್ರಕ್ಕೆ ಜೋಡಿಸುವ ನಲ್ಲಿಯಡಿ 10 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಮೂರು ನಿಮಿಷ ಹಿಡಿದರೆ ತಡೆದು ಯೋಚಿಸಿ. ಇದನ್ನು ಮಧ್ಯಾಹ್ನ ಮಾಡಬೇಡಿ, ಇಡೀ ಕಟ್ಟಡ ಸ್ನಾನ ಮಾಡುವ ಬೆಳಗಿನ ಏಳೂವರೆಗೆ ಮಾಡಿ.

ಮೂರನೆಯದು ನೀರಿನ ಗುಣ. ಮುಂಬೈ ಪಾಲಿಕೆಯ ನೀರು ತಾನ್ಸಾ, ಭಾತ್ಸಾ, ವೈತರಣಾ, ವಿಹಾರ್, ತುಳಸಿ ಮೊದಲಾದ ಜಲಾಶಯಗಳದ್ದು, ಮಳೆಯ ನೀರು, ಮೆದು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಕುಡಿಯುವ ಕಟ್ಟಡಗಳ ಕಥೆಯೇ ಬೇರೆ. ನಲ್ಲಿಯ ಬುಡದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತಿದ್ದರೆ, ಸೋಪು ನೊರೆ ಬಾರದೆ ಕೆನೆಯಂತೆ ಒಡೆಯುತ್ತಿದ್ದರೆ ನಿಮ್ಮದು ಗಡಸು ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಬಿಡುತ್ತಾರೆ. ಯಂತ್ರದ ಹೀಟರಿಗೆ ಹಕ್ಕಳೆ ಕಟ್ಟುವುದು ಇಂಥ ನೀರಿನಿಂದಲೇ. ಇಂಥವರು ಹೀಟರ್ ಇರುವ ಯಂತ್ರ ಕೊಂಡರೆ ಹಕ್ಕಳೆ ಕರಗಿಸುವ ಪುಡಿಯನ್ನೂ ತಿಂಗಳ ದಿನಸಿ ಚೀಟಿಗೆ ಸೇರಿಸಿಕೊಳ್ಳಬೇಕು.

ಹಂತ 3: ಮೂರು ಜಾತಿಗಳಲ್ಲಿ ನಿಮ್ಮದು ಯಾವುದು

ಇಷ್ಟು ಬರೆದುಕೊಂಡ ಮೇಲೆ ಆಯ್ಕೆ ಬಹುಪಾಲು ತಾನೇ ಆಗಿಬಿಟ್ಟಿರುತ್ತದೆ.

ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಯಂತ್ರವನ್ನು ಅಂಗಡಿಯವರು ಮೂಲೆಯಲ್ಲಿ ಇಟ್ಟಿರುತ್ತಾರೆ, ಕೇಳಿದರೆ ಮುಖ ಸಣ್ಣದು ಮಾಡುತ್ತಾರೆ. ಹೊತ್ತಿಗಷ್ಟೇ ನೀರು ಬರುವ ಮನೆಗೆ ಅದೇ ಸರಿ, ನಾಚಿಕೆ ಬೇಡ. ಬಕೆಟ್ಟಿನಲ್ಲಿ ನೀರು ಹೊಯ್ಯಬಹುದು. ಬಿಳಿ ಬಟ್ಟೆ ಒಗೆದ ಸೋಪಿನ ನೀರಿನಲ್ಲೇ ಬಣ್ಣದವು, ಆಮೇಲೆ ಕಾಲೊರೆಸು, ಹೀಗೆ ನಮ್ಮ ಅಮ್ಮಂದಿರು ಬಾವಿಕಟ್ಟೆಯ ಕಲ್ಲಿನ ಬಳಿ ಮಾಡುತ್ತಿದ್ದ ಉಳಿತಾಯವನ್ನೆಲ್ಲ ಮಾಡಬಹುದು. ಬೆಲೆ ಸುಮಾರು 8ರಿಂದ 13 ಸಾವಿರ. ಆದರೆ ಒದ್ದೆ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಕೈಯಾರೆ ಎತ್ತಿ ಹಾಕಬೇಕು. ಬೆನ್ನುನೋವಿನವರಿಗೆ, ಬೆಳಗ್ಗೆ 7.40ರ ಲೋಕಲ್ ಹಿಡಿಯುವವರಿಗೆ ಇದು ಆಗದು.

ಟಾಪ್ ಲೋಡ್ ಸುಮಾರು 15ರಿಂದ 25 ಸಾವಿರಕ್ಕೆ ಬರುತ್ತದೆ. ಬಗ್ಗಬೇಕಿಲ್ಲ, ಮರೆತ ಕಾಲುಚೀಲವನ್ನು ನಡುವೆ ಹಾಕಬಹುದು, ನೀರು ನಿಂತರೆ ಮೇಲಿನಿಂದ ಬಕೆಟ್ ಸುರಿಯಬಹುದು. ನೀರು ಮಾತ್ರ ಧಾರಾಳವಾಗಿ ಬೇಡುತ್ತದೆ: 7 ಕಿಲೋ ಯಂತ್ರ ಪೂರ್ತಿ ಒಗೆತಕ್ಕೆ ನೂರು ಲೀಟರ್ ದಾಟುವುದು ಸಾಮಾನ್ಯ. ಸೀರೆಗಳು ಒಂದಕ್ಕೊಂದು ಹೆಣೆದುಕೊಂಡು ಹಗ್ಗವಾಗುವುದೂ ಇದರಲ್ಲೇ ಹೆಚ್ಚು.

ಫ್ರಂಟ್ ಲೋಡ್ ಬಟ್ಟೆಯನ್ನು ಎತ್ತಿ ಎತ್ತಿ ಬೀಳಿಸಿ ಒಗೆಯುತ್ತದೆ. ಕಲ್ಲಿಗೆ ಬಡಿಯುವ ಸೌಮ್ಯ ರೂಪ ಎನ್ನಿ. ನೀರು ಸುಮಾರು ಅರ್ಧ ಸಾಕು. ದಿನಕ್ಕೊಂದು ಒಗೆತ, ಒಂದಕ್ಕೆ 60 ಲೀಟರ್ ಉಳಿತಾಯ ಎಂದರೂ ತಿಂಗಳಿಗೆ 1,800 ಲೀಟರ್. ಟ್ಯಾಂಕರ್ ತರಿಸುವ ಸೊಸೈಟಿಯಲ್ಲಿ ಇದು ಸಣ್ಣ ಮಾತಲ್ಲ. ಕೊಳೆ ಚೆನ್ನಾಗಿ ಹೋಗುತ್ತದೆ, ಬಟ್ಟೆ ಕಡಿಮೆ ಸವೆಯುತ್ತದೆ. ಬೆಲೆ 25 ಸಾವಿರದಿಂದ ಮೇಲೆ. ಒಂದು ಒಗೆತ ಗಂಟೆಯನ್ನು ದಾಟುತ್ತದೆ. ಬಾಗಿಲಿನ ರಬ್ಬರನ್ನು ಒರೆಸಿ ಒಣಗಿಸದಿದ್ದರೆ ಮುಂಬೈ ತೇವಕ್ಕೆ ವಾರದಲ್ಲೇ ಕಪ್ಪು ಬೂಷ್ಟು ಹಿಡಿಯುತ್ತದೆ. ನೀರಿನ ಒತ್ತಡ, ಜಾಗ, ಬಾಗಿಲು ಮೂರೂ ಒಪ್ಪಿದ ಮನೆಗೆ ನಾನು ಇದನ್ನೇ ಹೇಳುತ್ತೇನೆ.

ಹಂತ 4: ಎಷ್ಟು ಕಿಲೋ

ಡಬ್ಬದ ಮೇಲಿನ 7 ಕಿಲೋ ಎಂಬುದು ಒಣ ಬಟ್ಟೆಯ ತೂಕ, ಅದೂ ಹತ್ತಿ ಬಟ್ಟೆಯ ದೀರ್ಘ ಪ್ರೋಗ್ರಾಮಿಗೆ. ಬೇಗ ಒಗೆಯುವ ಪ್ರೋಗ್ರಾಮಿಗೆ ಅದರ ಅರ್ಧವೂ ಸಲ್ಲುವುದಿಲ್ಲ. ಊರಿಗೆ ಹೋಗುವಾಗ ಬ್ಯಾಗು ತೂಗುವ ಕೊಕ್ಕೆ ತಕ್ಕಡಿ ಇದ್ದರೆ ಎರಡು ದಿನದ ಮೈಲಿಗೆ ಬಟ್ಟೆಯನ್ನು ಚೀಲಕ್ಕೆ ತುಂಬಿ ತೂಗಿ ನೋಡಿ. ನಾಲ್ಕು ಜನರ ಮನೆಯಲ್ಲಿ ನಾಲ್ಕೈದು ಕಿಲೋ ಬರುತ್ತದೆ. ಒಂದು ಜೀನ್ಸ್ ಮುಕ್ಕಾಲು ಕಿಲೋ, ಹತ್ತಿ ಸೀರೆ ಅರ್ಧ ಕಿಲೋ ಎಂದಿಟ್ಟುಕೊಳ್ಳಿ. ಇಬ್ಬರಿಗೆ 6ರಿಂದ 6.5, ನಾಲ್ವರಿಗೆ 7ರಿಂದ 8, ಊರಿನಿಂದ ನೆಂಟರು ಬಂದು ಹೋಗುತ್ತಲೇ ಇರುವ ಮನೆಗೆ 8 ಅಥವಾ 9. ಹೊದಿಕೆ ಒಗೆಯಬೇಕೆಂದು 10 ಕಿಲೋ ಯಂತ್ರ ಕೊಳ್ಳಬೇಡಿ. ವರ್ಷಕ್ಕೆರಡು ಸಲ ಅದನ್ನು ಲಾಂಡ್ರಿಗೆ ಕೊಟ್ಟರಾಯಿತು.

ಹಂತ 5: ಮಳೆಗಾಲಕ್ಕೆ ಆರ್‌ಪಿಎಂ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಗೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ಹಾಲಿನ ಸೂರಿನಲ್ಲಿ ಹಗ್ಗ, ಹಗ್ಗದ ಕೆಳಗೆ ಫ್ಯಾನು, ಫ್ಯಾನಿನ ಕೆಳಗೆ ನಾವು. ಹಿಂಡುವ ವೇಗ ಇಲ್ಲಿ ನೆರವಿಗೆ ಬರುತ್ತದೆ. ನಿಮಿಷಕ್ಕೆ ಎಷ್ಟು ಸುತ್ತು ಎಂಬುದೇ ಆರ್‌ಪಿಎಂ. ನಿಮಿಷಕ್ಕೆ 700 ಸುತ್ತು ತಿರುಗುವ ಯಂತ್ರದಿಂದ ತೆಗೆದ 5 ಕಿಲೋ ಬಟ್ಟೆಯಲ್ಲಿ ಸುಮಾರು ನಾಲ್ಕು ಲೀಟರ್ ನೀರು ಉಳಿದಿದ್ದರೆ, 1,400 ಸುತ್ತಿನದರಲ್ಲಿ ಎರಡೂವರೆ ಲೀಟರ್ ಆಸುಪಾಸು ಇರುತ್ತದೆ. ಆ ಒಂದೂವರೆ ಲೀಟರ್ ನಿಮ್ಮ ಮಲಗುವ ಕೋಣೆಯ ಗಾಳಿಗೆ ಸೇರಬೇಕೋ ಮೋರಿಗೆ ಹೋಗಬೇಕೋ ಎಂಬುದೇ ಪ್ರಶ್ನೆ. ಫ್ರಂಟ್ ಲೋಡ್ ಕೊಳ್ಳುವವರು 1,200ಕ್ಕಿಂತ ಕಡಿಮೆ ನೋಡಬೇಡಿ. ರೇಷ್ಮೆ, ನಾಜೂಕು ಬಟ್ಟೆಗೆ ವೇಗ ಇಳಿಸುವ ಗುಂಡಿ ಇರಲಿ. ಇಳಕಲ್ ಸೀರೆಯನ್ನು ಮಾತ್ರ ಯಾವ ಯಂತ್ರಕ್ಕೂ ಬಣ್ಣ ಪರೀಕ್ಷಿಸದೆ ಹಾಕಬೇಡಿ; ನಮ್ಮ ಮನೆಯ ಮೂರು ಬಿಳಿ ಪಂಚೆಗಳು ಇಂದಿಗೂ ಗುಲಾಬಿ.

ಒಂದು ಎಚ್ಚರಿಕೆ. ಅಂಗಡಿಯವರು "ಡ್ರೈಯರ್ ಇದೆ" ಎಂದರೆ ಹಲವು ಸಲ ಅದು ಹಿಂಡುವುದೇ, ಬಿಸಿಗಾಳಿಯಲ್ಲಿ ಒಣಗಿಸುವುದಲ್ಲ. ನಿಜವಾಗಿ ಒಣಗಿಸುವ ವಾಷರ್ ಡ್ರೈಯರ್ ಬೇರೆಯೇ ಯಂತ್ರ, ಬೆಲೆಯೂ ಬೇರೆ. ಅದರಲ್ಲಿ 8 ಕಿಲೋ ಒಗೆದರೆ 5–6 ಕಿಲೋ ಮಾತ್ರ ಒಂದು ಸಲಕ್ಕೆ ಒಣಗುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ, ವಿದ್ಯುತ್ತು ನುಂಗುತ್ತದೆ. ಎಳೆಯ ಮಗುವಿರುವ, ಬಾಲ್ಕನಿ ಇಲ್ಲದ ಮನೆಗೆ ಯೋಚಿಸಬಹುದು. ಉಳಿದವರಿಗೆ ಒಳ್ಳೆಯ ಹಿಂಡುವ ವೇಗ ಮತ್ತು ಒಂದು ಫ್ಯಾನು ಸಾಕು.

ಹಂತ 6: ಉಳಿದ ಗುಣಗಳು, ಬೇಗ ಬೇಗ

ಹೀಟರ್: ಹೋಟೆಲಿನಲ್ಲಿ ಕೆಲಸ ಮಾಡುವವರ ಎಣ್ಣೆ ಜಿಡ್ಡಿನ ಬಟ್ಟೆಗೆ, ಮಕ್ಕಳ ಸಮವಸ್ತ್ರಕ್ಕೆ ಬಿಸಿನೀರು ನಿಜಕ್ಕೂ ಬೇಕು. ಕರೆಂಟಿನ ಭಯ ಅತಿಯಾಗಿ ಬೇಡ. ಫ್ರಂಟ್ ಲೋಡ್ 15 ಲೀಟರ್ ನೀರನ್ನು 27ರಿಂದ 40 ಡಿಗ್ರಿಗೆ ಕಾಯಿಸಲು ಸುಮಾರು ಕಾಲು ಯೂನಿಟ್, 60 ಡಿಗ್ರಿಗೆ ಸುಮಾರು 0.6 ಯೂನಿಟ್ ಬೇಕಾಗುತ್ತದೆ. ಆದರೆ ಸುಮಾರು 2,000 ವಾಟ್ ಹೀಟರನ್ನು ಹಳೆಯ ಮನೆಯ ಸಣ್ಣ ಸಾಕೆಟ್ಟಿಗೆ ಚುಚ್ಚಬೇಡಿ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್ ಇರಬೇಕು. ನೆಲ ಒದ್ದೆಯಿರುವ ಬಚ್ಚಲಲ್ಲಿ ಅರ್ತಿಂಗ್ ಇಲ್ಲದ ಯಂತ್ರ ಮುಟ್ಟುವುದು ಪ್ರಾಣದ ಜೊತೆ ಆಟ. ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ.

ಇನ್ವರ್ಟರ್ ಮೋಟಾರ್, ಅಂದರೆ ತನ್ನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ಮೋಟಾರ್, ಸದ್ದು, ಅದುರಾಟ ಕಡಿಮೆ ಮಾಡುತ್ತದೆ. ಗೋಡೆ ಹಂಚಿಕೊಂಡ ಮನೆಗಳಲ್ಲಿ ಸದ್ದಿಗೂ ಬೆಲೆಯಿದೆ. ಡ್ರಮ್ ಸ್ಟೀಲಿನದಿರಲಿ. ವಿದ್ಯುತ್ ಉಳಿತಾಯವನ್ನು ತೋರಿಸುವ ಬಿಇಇ ನಕ್ಷತ್ರದ ಚೀಟಿ ಇದ್ದರೆ ನಕ್ಷತ್ರ ಎಣಿಸುವುದಷ್ಟೇ ಸಾಲದು, ಕಿಲೋ ಬಟ್ಟೆಗೆ ಎಷ್ಟು ವಿದ್ಯುತ್, ಎಷ್ಟು ನೀರು ಎಂಬ ಅಂಕಿಗಳನ್ನು ಓದಿ. ಸಮುದ್ರದ ಗಾಳಿ ಬೀಸುವ ಕಡೆ ಲೋಹದ ಮೈಗೆ ತುಕ್ಕು ಬೇಗ. ಟಾಪ್ ಲೋಡ್ ಮತ್ತು ಸೆಮಿಯಲ್ಲಿ ಪ್ಲಾಸ್ಟಿಕ್ ಮೈಯವೂ ಸಿಗುತ್ತವೆ. ಮೊಬೈಲಿನಿಂದ ನಡೆಸುವ ವೈಫೈ? ಬಟ್ಟೆ ಹಾಕಲು ಹೇಗೂ ನೀವೇ ಹೋಗಬೇಕು.

ಹಂತ 7: ಬೆಲೆ ಮಾತು

ಆಯ್ದ ಎರಡು ಮಾದರಿಗಳ ಪೂರ್ತಿ ಸಂಖ್ಯೆ ಬರೆದುಕೊಂಡು ಹೋಗಿ. ಕೊನೆಯ ಒಂದೆರಡು ಅಕ್ಷರ ಬದಲಾದರೂ ಮಾದರಿ ಬೇರೆ. ಆನ್‌ಲೈನಿನದು ಒಂದು, ಅಂಗಡಿಯದು ಇನ್ನೊಂದು ಎಂದು ಹೋಲಿಕೆ ತಪ್ಪಿಹೋಗುತ್ತದೆ. ಒಂದು ದೊಡ್ಡ ಸರಣಿ ಮಳಿಗೆ, ಒಂದು ಓಣಿಯ ಅಂಗಡಿ, ಒಂದು ಆನ್‌ಲೈನ್, ಮೂರು ಕಡೆ ಬೆಲೆ ಕೇಳಿ. ಡಬ್ಬದ ಮೇಲಿನ ಗರಿಷ್ಠ ಬೆಲೆಯನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಬೇಡಿ, ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ. 18 ಶೇಕಡಾ ಜಿಎಸ್‌ಟಿ ಅದರಲ್ಲೇ ಸೇರಿರುತ್ತದೆ. ಮೇಲೆ ಬೇರೆ ತೆರಿಗೆ ಕೇಳಿದರೆ ಎದ್ದು ಬನ್ನಿ. ಗುಡಿ ಪಾಡವಾ, ಗಣಪತಿ, ದಸರಾದಿಂದ ದೀಪಾವಳಿವರೆಗೆ, ಜನವರಿ 26 ಮತ್ತು ಆಗಸ್ಟ್ 15ರ ಸುತ್ತ ಬೆಲೆ ಇಳಿಯುತ್ತದೆ. ಹಬ್ಬದ ಹಿಂದಿನ ದಿನ ಮಾತ್ರ ಹೋಗಬೇಡಿ, ಯಾರಿಗೂ ನಿಮ್ಮ ಮಾತು ಕೇಳುವ ಪುರುಸೊತ್ತಿರುವುದಿಲ್ಲ.

ಬಡ್ಡಿಯಿಲ್ಲದ ಇಎಂಐ ಪೂರ್ತಿ ಬಡ್ಡಿಯಿಲ್ಲದ್ದಲ್ಲ. 30,000 ರೂಪಾಯಿಗೆ ಆರು ತಿಂಗಳು, 15 ಶೇಕಡಾ ದರ ಎನ್ನಿ. ಸುಮಾರು 1,300 ರೂಪಾಯಿ ಬಡ್ಡಿಯನ್ನು ರಿಯಾಯಿತಿಯಾಗಿ ಕಳೆಯುತ್ತಾರೆ, ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ಸುಮಾರು 235 ರೂಪಾಯಿ ನಿಮ್ಮದೇ, ಜೊತೆಗೆ ಬ್ಯಾಂಕಿನ ಸಂಸ್ಕರಣಾ ಶುಲ್ಕ. ಒಮ್ಮೆಗೇ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಿ, ಆಮೇಲೆ ತೀರ್ಮಾನಿಸಿ.

"ಹತ್ತು ವರ್ಷ ವಾರಂಟಿ" ಎಂಬ ದೊಡ್ಡಕ್ಷರದ ಕೆಳಗೆ ಸಣ್ಣಕ್ಷರದಲ್ಲಿ ಮೋಟಾರಿಗೆ ಮಾತ್ರ ಎಂದಿರುತ್ತದೆ. ಕೆಡುವುದು ಹೆಚ್ಚಾಗಿ ಎಲೆಕ್ಟ್ರಾನಿಕ್ ಬೋರ್ಡು, ನೀರಿನ ಕವಾಟ, ಪಂಪು. ಇಡೀ ಯಂತ್ರಕ್ಕೆ ಎಷ್ಟು ವರ್ಷ ಎಂಬುದೇ ಕೇಳಬೇಕಾದ ಪ್ರಶ್ನೆ. ಹೆಚ್ಚುವರಿ ವಾರಂಟಿ ಕೊಳ್ಳುವುದಾದರೆ ಯಂತ್ರ ತಯಾರಿಸಿದ ಕಂಪನಿಯದನ್ನೇ ಕೊಳ್ಳಿ. ನಿಮ್ಮ ಉಪನಗರದಲ್ಲಿ ಆ ಕಂಪನಿಯ ಸೇವಾಕೇಂದ್ರ ಹೇಗಿದೆ ಎಂದು ಕಟ್ಟಡದ ನಾಲ್ಕು ಮನೆಯಲ್ಲಿ ವಿಚಾರಿಸಿ. ಜಾಹೀರಾತಿಗಿಂತ ಎದುರುಮನೆಯವರ ಗೊಣಗಾಟ ಹೆಚ್ಚು ನಂಬಿಕೆಯದು. ಹಳೆಯ ಯಂತ್ರವಿದ್ದರೆ ಎಕ್ಸ್‌ಚೇಂಜ್ ಬೆಲೆಯನ್ನು ಬೇರೆಯಾಗಿ ಬರೆಸಿ. ಇಲ್ಲವಾದರೆ ಹೊಸದರ ರಿಯಾಯಿತಿಯನ್ನೇ ಹಳೆಯದರ ಬೆಲೆ ಎಂದು ತೋರಿಸುತ್ತಾರೆ.

ಹಂತ 8: ಮನೆಗೆ ಬಂದ ದಿನ

ಡಬ್ಬ ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಯಂತ್ರದ ಹಿಂದಿನ ಕ್ರಮಸಂಖ್ಯೆ ಬಿಲ್ಲಿನದಕ್ಕೆ ಹೊಂದುತ್ತದೆಯೇ ನೋಡಿ. ನೆಗ್ಗಿದ್ದರೆ ಆಗಲೇ ಬರೆಸಿ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಜೋಡಿಸಲು ಬಂದವರು ಸ್ಟ್ಯಾಂಡು, ಹೊದಿಕೆ, ಪುಡಿಗಳ ಗಂಟನ್ನು ಮಾರಲು ನೋಡುತ್ತಾರೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ, ಬೇಡ. ನೆಲ ಸಮವಿದ್ದರೆ ಫ್ರಂಟ್ ಲೋಡಿಗೆ ಚಕ್ರದ ಸ್ಟ್ಯಾಂಡು ಬೇಡ, ಹಿಂಡುವಾಗ ಕುಣಿಯುತ್ತದೆ. ಇಲಿ ಬಾರದಂತೆ ಯಂತ್ರದ ಅಡಿಭಾಗಕ್ಕೆ ಹಾಕುವ ಜಾಲರಿಗೆ ಮಾತ್ರ ಹಣ ಕೊಡಿ. ಮುಂಬೈ ಇಲಿಗೆ ವೈರು ಪಂಚಭಕ್ಷ್ಯ, ಇಲಿ ಕಡಿದದ್ದಕ್ಕೆ ವಾರಂಟಿ ಸಾಮಾನ್ಯವಾಗಿ ಸಲ್ಲುವುದಿಲ್ಲ.

ಕೊಳೆನೀರಿನ ಪೈಪಿನ ವಿಷಯದಲ್ಲಿ ನಮ್ಮ ಸಾಯನ್ ಮನೆಯ ಪಾಠ ಕೇಳಿ. ಪೈಪನ್ನು ನೆಲದ ಮೇಲೆಯೇ ಬಚ್ಚಲಿಗೆ ಬಿಟ್ಟಿದ್ದೆವು. ಯಂತ್ರ ತುಂಬಿಕೊಳ್ಳುತ್ತಿದ್ದಂತೆ ನೀರು ತಾನೇ ಹೊರಗೆ ಹರಿದುಹೋಗುತ್ತಿತ್ತು. ಒಂದು ಮಧ್ಯಾಹ್ನವಿಡೀ ಅದು ತುಂಬುತ್ತಲೇ ಇತ್ತು, ಖಾಲಿಯಾಗುತ್ತಲೇ ಇತ್ತು. ಕಟ್ಟಡದ ಟ್ಯಾಂಕು ಬರಿದಾಗಿ ಕೆಳಗಿನ ಮನೆಯವರು ಬಾಗಿಲು ಬಡಿದ ಮೇಲೆಯೇ ಎಚ್ಚರವಾದದ್ದು. ಫ್ರಂಟ್ ಲೋಡಿನ ಆ ಪೈಪನ್ನು ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಏರಿಸಿ, ಅಲ್ಲಿಂದ ಇಳಿಬಿಡಬೇಕು. ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ.

ಮೊದಲ ಒಗೆತ ಬಟ್ಟೆಯಿಲ್ಲದೆ ಮಾಡಿ. ಜೋಡಿಸಿದವರು ಹೊರಡುವ ಮೊದಲು ಹಿಂಡುವ ಹಂತದವರೆಗೆ ನಿಲ್ಲಿಸಿಕೊಳ್ಳಿ, ಅದುರಿದರೆ ಕಾಲುಗಳನ್ನು ತಿರುಗಿಸಿ ಸಮ ಮಾಡಿಸಿ. ಫ್ರಂಟ್ ಲೋಡ್ ಹಿಂಬದಿಯಲ್ಲಿ ಸಾಗಣೆಗೆಂದು ಡ್ರಮ್ಮನ್ನು ಬಿಗಿದ ಮೂರೋ ನಾಲ್ಕೋ ಉದ್ದ ಬೋಲ್ಟುಗಳಿರುತ್ತವೆ. ಅವನ್ನು ತೆಗೆಯದೆ ಯಂತ್ರ ಓಡಿಸಿದರೆ ಅದು ಹಾಲಿನವರೆಗೆ ನಡೆದು ಬರುತ್ತದೆ. ತೆಗೆದ ಬೋಲ್ಟುಗಳನ್ನು ಕಸಕ್ಕೆ ಹಾಕಬೇಡಿ. ಬಾಡಿಗೆ ಮನೆಯವರಾದರೆ 11 ತಿಂಗಳಿಗೆ ಮತ್ತೆ ಟೆಂಪೊ ಕರೆಯಬೇಕಾಗಬಹುದು, ಆಗ ಅವೇ ಬೇಕು. ನಾನು ಅವನ್ನು ಹಳೆಯ ಕಾಲುಚೀಲದಲ್ಲಿ ಕಟ್ಟಿ, ಬಾಡಿಗೆ ಕರಾರಿನ ಫೈಲಿನಲ್ಲೇ ಇಟ್ಟಿದ್ದೇನೆ.